ಚಿಲಾಪಿ ಮೀನಿನ ಲೋಕಸಂಚಾರ

ಶಿರೂರಿನ ಪೇಟೆಯಲ್ಲಿ ಮೀನು ಮಾರುವ ಹೆಂಗಸರು "ಚಿಲಾಪಿ, ಚಿಲಾಪಿ" ಎಂದು ಕೂಗುವುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಕೇಳಿರಬಹುದು. ಅಂಗೈಯಷ್ಟು ಅಗಲದ, ಬೂದು ಬಣ್ಣದ, ಬೆನ್ನಿನ ಮೇಲೆ ಮುಳ್ಳುಗಳ ಸಾಲುಳ್ಳ ಆ ಮೀನಿನ ವಿಷಯ ಒಮ್ಮೆ ತರಗತಿಯಲ್ಲಿ ಮಾತಿಗೆ ಬಂದಿತು. "ಗುರುಗಳೇ, ನಮ್ಮೂರ ಕಡೆ ಇದಕ್ಕೆ ಜಿಲೇಬಿ ಮೀನು ಎನ್ನುತ್ತಾರೆ. ಇದು ನಮ್ಮೂರಿನಿಂದ ಇಲ್ಲಿಗೆ ಬಂದಿತೋ, ಇಲ್ಲಿಂದ ನಮ್ಮೂರಿಗೆ ಹೋಯಿತೋ?" ಎಂದು ಒಬ್ಬ ವಿದ್ಯಾರ್ಥಿ ಕೇಳಿದನು. ಪ್ರಶ್ನೆ ಚಿಕ್ಕದು, ಆದರೆ ಅದರ ಉತ್ತರಕ್ಕಾಗಿ ಲೋಕವನ್ನೇ ಒಂದು ಸುತ್ತು ಸುತ್ತಿ ಬರಬೇಕಾಗುತ್ತದೆ. ಏಕೆಂದರೆ ಈ ಮೀನು ಅಲ್ಲಿಯದೂ ಅಲ್ಲ, ಇಲ್ಲಿಯದೂ ಅಲ್ಲ. ಇದರ ತವರು ಆಫ್ರಿಕಾ ಖಂಡ.

ಈ ಮೀನನ್ನು ಕೆಲವರು ಬಡವರ ಅನ್ನವೆಂದು ಹೊಗಳುತ್ತಾರೆ. ಕೆಲವರು ನದಿಗಳಿಗೆ ಅಂಟಿದ ಪಿಡುಗೆಂದು ತೆಗಳುತ್ತಾರೆ. ಎರಡು ಮಾತುಗಳೂ ನಿಜವೇ. ಒಂದೇ ಜೀವಿಯು ಒಂದೆಡೆ ವರವಾಗಿಯೂ ಇನ್ನೊಂದೆಡೆ ಶಾಪವಾಗಿಯೂ ಪರಿಣಮಿಸುವುದು ಹೇಗೆ ಎಂಬುದನ್ನು ವಿಚಾರಿಸುವುದೇ ಈ ಪಾಠದ ಉದ್ದೇಶ. ಮೀನನ್ನು ತಿನ್ನುವವರಿಗೂ ತಿನ್ನದವರಿಗೂ ಈ ವಿಚಾರ ಸಮಾನವಾಗಿ ಸಂಬಂಧಿಸಿದ್ದು. ನದಿಯ ನೀರನ್ನು ಎಲ್ಲರೂ ಕುಡಿಯುತ್ತೇವಷ್ಟೆ.

ಹೆಸರು ಮತ್ತು ಮೂಲ

ವಿಜ್ಞಾನಿಗಳು ಈ ಮೀನನ್ನು ತಿಲಾಪಿಯಾ ಎಂದು ಕರೆಯುತ್ತಾರೆ. ದಕ್ಷಿಣ ಆಫ್ರಿಕಾದಲ್ಲಿ ಸಂಚರಿಸಿದ್ದ ಆಂಡ್ರ್ಯೂ ಸ್ಮಿತ್ ಎಂಬ ಪ್ರಾಣಿಶಾಸ್ತ್ರಜ್ಞನು ೧೮೪೦ರಲ್ಲಿ ಈ ಹೆಸರನ್ನು ಬಳಕೆಗೆ ತಂದನು. ಅಲ್ಲಿಯ ತ್ಸ್ವಾನಾ ಭಾಷೆಯಲ್ಲಿ 'ಮೀನು' ಎಂಬುದಕ್ಕೆ ಇರುವ ಶಬ್ದವೇ ಲ್ಯಾಟಿನ್ ವೇಷ ತೊಟ್ಟು ತಿಲಾಪಿಯಾ ಎಂದಾಯಿತು. ಅದೇ ಹೆಸರು ಮರಾಠಿಗರ ಬಾಯಲ್ಲಿ ಚಿಲಾಪಿ, ನಮ್ಮವರ ಬಾಯಲ್ಲಿ ಜಿಲೇಬಿ. ಜನರ ನಾಲಗೆಯು ಪರದೇಶದ ಹೆಸರನ್ನು ತನಗೆ ಪರಿಚಿತವಾದ ತಿಂಡಿಯ ಹೆಸರಿನತ್ತ ಎಳೆದುಕೊಂಡಿತೆಂದು ತೋರುತ್ತದೆ.

ತಿಲಾಪಿಯಾ ಎಂಬುದು ಒಂದೇ ಮೀನಿನ ಹೆಸರಲ್ಲ. ಅದೊಂದು ದೊಡ್ಡ ಬಳಗ. ಅದರಲ್ಲಿ ನಮಗೆ ಮುಖ್ಯವಾದವು ಎರಡು. ಮೊದಲನೆಯದು ಮೊಜಾಂಬಿಕ್ ತಿಲಾಪಿಯಾ. ಇದನ್ನು ೧೮೫೨ರಲ್ಲಿ ಪೀಟರ್ಸ್ ಎಂಬ ಜರ್ಮನ್ ವಿಜ್ಞಾನಿಯು ವರ್ಣಿಸಿದನು. ಎರಡನೆಯದು ನೈಲ್ ತಿಲಾಪಿಯಾ. ಇದನ್ನು ೧೭೫೮ರಲ್ಲಿಯೇ ಲಿನೀಯಸ್ ಹೆಸರಿಸಿದ್ದನು. ಆದರೆ ಅವನಿಗಿಂತ ಮೂರು ಸಾವಿರ ವರ್ಷಗಳ ಹಿಂದೆಯೇ ಈಜಿಪ್ಟಿನ ಜನ ಇದನ್ನು ಬಲ್ಲವರಾಗಿದ್ದರು. ನೆಬಮುನ್ ಎಂಬ ಅಧಿಕಾರಿಯ ಸಮಾಧಿಯ ಗೋಡೆಯ ಮೇಲೆ ತೋಟದ ಕೊಳವೊಂದರ ಚಿತ್ರವಿದ್ದಿತು. ಕಮಲಗಳ ನಡುವೆ ಈ ಮೀನುಗಳು ಈಜುತ್ತಿರುವ ಆ ಚಿತ್ರವು ಈಗ ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿದೆ.

ಸಂತಾನದ ಗುಟ್ಟು

ನಮ್ಮ ದೇಶದ ರೋಹು, ಕಾಟ್ಲಾ, ಮೃಗಾಲ್ ಎಂಬ ದೊಡ್ಡ ಗೆಂಡೆಮೀನುಗಳು ಮಳೆಗಾಲದಲ್ಲಿ, ಹೊಸನೀರು ಹರಿಯುವಾಗ ಮಾತ್ರ ಮೊಟ್ಟೆಯಿಡುತ್ತವೆ. ಒಂದೊಂದು ಹೆಣ್ಣು ಲಕ್ಷಗಟ್ಟಲೆ ಮೊಟ್ಟೆಗಳನ್ನಿಟ್ಟು ಹೊಳೆಯ ಪಾಲಿಗೆ ಬಿಟ್ಟು ಹೋಗುತ್ತದೆ. ನಿಂತ ನೀರಿನ ಕೊಳದಲ್ಲಿ ಅವು ತಾವಾಗಿ ಸಂತಾನ ಬೆಳೆಸುವುದಿಲ್ಲ. ಈ ತೊಡಕನ್ನು ಹೀರಾಲಾಲ್ ಚೌಧುರಿ ಎಂಬ ಭಾರತೀಯ ವಿಜ್ಞಾನಿಯು ಒಡಿಶಾದ ಅಂಗುಲಿನಲ್ಲಿ ೧೯೫೭ರ ಜುಲೈ ೧೦ರಂದು ಚುಚ್ಚುಮದ್ದಿನ ಸಹಾಯದಿಂದ ಬಿಡಿಸಿದನು. ಆ ದಿನವನ್ನು ಇಂದಿಗೂ ರಾಷ್ಟ್ರೀಯ ಮತ್ಸ್ಯಕೃಷಿಕರ ದಿನವೆಂದು ಆಚರಿಸುತ್ತಾರೆ.

ಚಿಲಾಪಿಯ ರೀತಿ ಇದಕ್ಕೆ ತೀರ ವಿರುದ್ಧ. ಗಂಡುಮೀನು ಕೊಳದ ತಳದಲ್ಲಿ ಬಟ್ಟಲಿನಂತಹ ಗುಣಿಯನ್ನು ತೋಡುತ್ತದೆ. ಹೆಣ್ಣು ಅಲ್ಲಿ ಕೆಲವು ನೂರು ಮೊಟ್ಟೆಗಳನ್ನು ಮಾತ್ರ ಇಟ್ಟು, ಕೂಡಲೇ ಅವನ್ನು ತನ್ನ ಬಾಯೊಳಗೆ ತುಂಬಿಕೊಳ್ಳುತ್ತದೆ. ಮೊಟ್ಟೆಯೊಡೆದು ಮರಿಗಳು ಸ್ವತಂತ್ರವಾಗಿ ಈಜುವವರೆಗೆ, ಸುಮಾರು ಎರಡು ಮೂರು ವಾರ, ತಾಯಿಯ ಬಾಯಿಯೇ ಅವುಗಳ ತೊಟ್ಟಿಲು. ಆ ದಿನಗಳಲ್ಲಿ ತಾಯಿಗೆ ಬಹುಮಟ್ಟಿಗೆ ಉಪವಾಸ. ಹೊರಗೆ ಬಿಟ್ಟ ಮೇಲೂ ಅಪಾಯ ಕಂಡರೆ ಮರಿಗಳು ಓಡಿಬಂದು ಮತ್ತೆ ಬಾಯೊಳಗೆ ಸೇರುತ್ತವೆ. ಹೀಗಾಗಿ ಲಕ್ಷ ಮೊಟ್ಟೆಯಿಟ್ಟು ಕಳೆದುಕೊಳ್ಳುವ ಮೀನಿಗಿಂತ ನೂರು ಮೊಟ್ಟೆಯಿಟ್ಟು ಕಾಪಾಡುವ ಮೀನಿನ ವಂಶವೇ ಹೆಚ್ಚು ಬೇಗ ಬೆಳೆಯುತ್ತದೆ. ಎರಡು ಮೂರು ತಿಂಗಳ ವಯಸ್ಸಿಗೇ ಅದು ಪ್ರಾಯಕ್ಕೆ ಬರುತ್ತದೆ. ಬೆಚ್ಚನೆಯ ನೀರಿದ್ದರೆ ವರ್ಷದಲ್ಲಿ ಹಲವು ಸಲ ಮರಿ ಮಾಡುತ್ತದೆ.

ಅದರ ಊಟವೂ ಸುಲಭ. ಪಾಚಿ, ನೀರಿನ ಸೂಕ್ಷ್ಮಜೀವಿಗಳು, ಕೊಳೆತ ಎಲೆಕಸ, ತೌಡು, ಹಿಂಡಿ ಯಾವುದಾದರೂ ಸರಿ. ಪ್ರಾಣವಾಯು ಕಡಿಮೆಯಾದ ಕೊಳಕು ನೀರಿನಲ್ಲಿಯೂ, ಸ್ವಲ್ಪ ಉಪ್ಪಾದ ನೀರಿನಲ್ಲಿಯೂ ಅದು ಬದುಕಬಲ್ಲದು. ಅದಕ್ಕೆ ಸಹಿಸದಿರುವುದು ಚಳಿ ಒಂದೇ. ಬೇಗ ಹೆಚ್ಚುವ ಸಂತಾನ, ಸುಲಭವಾದ ಆಹಾರ, ಕಷ್ಟಸಹಿಷ್ಣುತೆ ಎಂಬ ಈ ಮೂರು ಗುಣಗಳನ್ನು ವಿದ್ಯಾರ್ಥಿಗಳು ಚೆನ್ನಾಗಿ ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲವೂ ಈ ಮೂರು ಗುಣಗಳ ಫಲವೇ.

ಭಾರತಕ್ಕೆ ಬಂದ ಬಗೆ

೧೯೩೦ರ ದಶಕದಲ್ಲಿ ಜಾವಾ ದ್ವೀಪದ ಮುಜೈರ್ ಎಂಬ ಗ್ರಾಮಸ್ಥನು ಕಡಲತೀರದ ನೀರಿನಲ್ಲಿ ಹೊಸ ಬಗೆಯ ಮೀನೊಂದನ್ನು ಕಂಡನು. ಮರಿಗಳನ್ನು ಬಾಯಲ್ಲಿಟ್ಟು ಸಾಕುವ ಅದರ ಚಮತ್ಕಾರಕ್ಕೆ ಬೆರಗಾಗಿ, ಅದನ್ನು ತನ್ನ ಸಿಹಿನೀರಿನ ಕೊಳಕ್ಕೆ ತಂದು ಬಿಟ್ಟನು. ಅದು ಆಫ್ರಿಕಾದ ಮೊಜಾಂಬಿಕ್ ತಿಲಾಪಿಯಾ. ಇಂಡೊನೇಷಿಯಾದಲ್ಲಿ ಇಂದಿಗೂ ಆ ಮೀನಿಗೆ ಮುಜೈರ್ ಎಂದೇ ಹೆಸರು. ಎರಡನೆಯ ಮಹಾಯುದ್ಧದ ಕಾಲದಲ್ಲಿಯೂ ಅನಂತರದಲ್ಲಿಯೂ, ಆಹಾರದ ಅಭಾವದಿಂದ ಬಳಲುತ್ತಿದ್ದ ಪೂರ್ವದೇಶಗಳಲ್ಲಿ ಅದು ಒಂದು ಕೊಳದಿಂದ ಇನ್ನೊಂದು ಕೊಳಕ್ಕೆ ಸಾಗುತ್ತ ಹೋಯಿತು.

ನಮ್ಮ ದೇಶಕ್ಕೆ ಅದು ೧೯೫೨ರಲ್ಲಿ ಸಿಂಹಳದಿಂದ ಬಂದಿತು. ತಮಿಳುನಾಡಿನ ರಾಮನಾಥಪುರದ ಬಳಿಯ ಮಂಡಪಂನಲ್ಲಿದ್ದ ಮತ್ಸ್ಯ ಸಂಶೋಧನ ಕೇಂದ್ರದವರು ಅದನ್ನು ತರಿಸಿದರು. ಸ್ವತಂತ್ರವಾಗಿ ಕೆಲವೇ ವರ್ಷಗಳಾಗಿದ್ದ ದೇಶ. ಎಲ್ಲೆಡೆಯೂ ಅನ್ನದ ಕೊರತೆ. ಕಡಿಮೆ ಖರ್ಚಿನಲ್ಲಿ ಜನರಿಗೆ ಪುಷ್ಟಿಕರವಾದ ಆಹಾರ ಒದಗಿಸಬೇಕೆಂಬ ಅವರ ಉದ್ದೇಶ ಒಳ್ಳೆಯದೇ ಆಗಿದ್ದಿತು. ಆದರೆ ಕೊಳಗಳಿಗೆ ಬಿಟ್ಟ ಕೆಲವು ದಿನಗಳಲ್ಲಿಯೇ ಅದರ ಇನ್ನೊಂದು ಮುಖ ಕಾಣಿಸಿತು. ಮರಿಗಳ ಮೇಲೆ ಮರಿಗಳಾಗಿ ಕೊಳ ತುಂಬಿ, ಯಾವುದಕ್ಕೂ ಹೊಟ್ಟೆತುಂಬ ಆಹಾರ ಸಿಗದೆ, ಬೆರಳುದ್ದದ ಮೀನುಗಳೇ ಪ್ರಾಯಕ್ಕೆ ಬಂದು ಮತ್ತೆ ಮರಿ ಮಾಡತೊಡಗಿದವು. ಸಂಖ್ಯೆ ಹೆಚ್ಚಿತು, ಗಾತ್ರ ಕುಗ್ಗಿತು. ಜೊತೆಯಲ್ಲಿದ್ದ ಗೆಂಡೆಗಳ ಬೆಳವಣಿಗೆಯೂ ಕುಂಠಿತವಾಯಿತು. ೧೯೫೯ರಲ್ಲಿ ಭಾರತದ ಮತ್ಸ್ಯ ಸಂಶೋಧನ ಸಮಿತಿಯು ಅದರ ಪ್ರಸಾರವನ್ನು ನಿಷೇಧಿಸಿತು. ಆದರೆ ಆಜ್ಞೆಯು ಕಾಗದದ ಮೇಲಿದ್ದಿತು, ಮೀನು ನೀರಿನಲ್ಲಿದ್ದಿತು. ಅಷ್ಟರಲ್ಲಿ ಅದು ಕೆರೆಗಳಿಗೂ ಹೊಳೆಗಳಿಗೂ ಜಲಾಶಯಗಳಿಗೂ ಇಳಿದುಹೋಗಿದ್ದಿತು. ತಮಿಳುನಾಡಿನ ಅಮರಾವತಿ ಜಲಾಶಯ, ರಾಜಸ್ಥಾನದ ಜೈಸಮಂದ ಸರೋವರ ಮುಂತಾದವುಗಳಲ್ಲಿ ಅದು ಹೇರಳವಾಗಿ ಬೆಳೆಯಿತು.

ಭೀಮೆಯ ಒಡಲಿನಲ್ಲಿ

ಈಗ ನಮ್ಮ ಸಮೀಪಕ್ಕೆ ಬರೋಣ. ನಮ್ಮ ರಾಂಜಣಗಾಂವವು ಮಹಾಗಣಪತಿಯ ಕ್ಷೇತ್ರವೆಂದು ಪ್ರಸಿದ್ಧವಾದ ಊರು. ಇಂದು ಕಾರ್ಖಾನೆಗಳ ಊರೂ ಹೌದು. ಇದರ ಒಂದು ಕಡೆ ಘೋಡ ನದಿ, ಇನ್ನೊಂದು ಕಡೆ ಭೀಮಾ ನದಿ. ಘೋಡ ನದಿಯು ಮುಂದೆ ಭೀಮೆಯನ್ನೇ ಸೇರುತ್ತದೆ. ಪುಣೆ ನಗರದ ನಡುವೆ ಹರಿಯುವ ಮುಳಾ-ಮುಠಾ ನದಿಯೂ ಭೀಮೆಯನ್ನು ಸೇರುತ್ತದೆ. ಈ ನೀರೆಲ್ಲ ಸೋಲಾಪುರ ಜಿಲ್ಲೆಯ ಉಜನಿ ಅಣೆಕಟ್ಟಿನ ಹಿಂದೆ ನಿಲ್ಲುತ್ತದೆ. ೧೯೮೦ರಲ್ಲಿ ಮುಗಿದ ಆ ಅಣೆಕಟ್ಟಿನ ಹಿನ್ನೀರು ಪುಣೆ ಜಿಲ್ಲೆಯ ಭಿಗವಣದವರೆಗೂ ಚಾಚಿಕೊಂಡಿದೆ. ಚಳಿಗಾಲದಲ್ಲಿ ರಾಜಹಂಸಗಳು ಬಂದಿಳಿಯುವ ಸ್ಥಳವದು. ಹಾಗೆಯೇ ದೊಡ್ಡ ಮೀನುಪೇಟೆಯ ಸ್ಥಳವೂ ಹೌದು. ಆ ಪೇಟೆಗೆ ಬರುವ ಮೀನುಗಳಲ್ಲಿ ಚಿಲಾಪಿಯ ಪಾಲೇ ದೊಡ್ಡದು.

ಉಜನಿಯಲ್ಲಿ ಚಿಲಾಪಿಯ ಕೈ ಮೇಲಾದುದೇಕೆ? ದೋಷವನ್ನೆಲ್ಲ ಅದರ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಣೆಕಟ್ಟು ಬಂದುದರಿಂದ ಹರಿಯುವ ನೀರು ನಿಂತ ನೀರಾಯಿತು. ಮೊಟ್ಟೆಯಿಡಲು ಹೊಳೆಯ ಮೇಲ್ಭಾಗಕ್ಕೆ ಹೋಗುತ್ತಿದ್ದ ಮೀನುಗಳ ದಾರಿ ಕಟ್ಟಿತು. ನಗರಗಳ ಚರಂಡಿಯ ನೀರೂ ಕಾರ್ಖಾನೆಗಳ ಹೊಲಸೂ ನದಿಗೆ ಸೇರಿದವು. ಸಣ್ಣ ಕಣ್ಣಿನ ಬಲೆಗಳು ಮರಿಮೀನುಗಳನ್ನೂ ಬಾಚಿಕೊಂಡವು. ಸ್ವಚ್ಛವಾದ ಹರಿಯುವ ನೀರನ್ನು ಬಯಸುವ ಮಹಸೀರಿನಂತಹ ಮೀನುಗಳು ಹಿಂಜರಿದವು. ಕೊಳಕು ನೀರನ್ನೂ ಸಹಿಸಿ, ನಿಂತ ನೀರಿನಲ್ಲಿಯೂ ಮರಿ ಮಾಡುವ ಚಿಲಾಪಿಯು ತೆರವಾದ ಸ್ಥಳವನ್ನು ಆಕ್ರಮಿಸಿತು. ಒಮ್ಮೆ ಸಂಖ್ಯೆ ಹೆಚ್ಚಿದ ಮೇಲೆ, ಉಳಿದ ಮೀನುಗಳ ಆಹಾರಕ್ಕೂ ಅದು ಪಾಲುಗಾರನಾಯಿತು. ಮೊದಲು ಮನುಷ್ಯನು ನದಿಯನ್ನು ಕೆಡಿಸಿದನು. ಅನಂತರ ಕೆಟ್ಟ ನದಿಯು ಚಿಲಾಪಿಗೆ ಒಲಿಯಿತು.

ಇಲ್ಲಿಂದ ಭೀಮೆಯು ಪಂಢರಾಪುರದಲ್ಲಿ ಚಂದ್ರಭಾಗೆಯೆನಿಸಿ, ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜನ್ನು ದಾಟಿ, ದೇವಲ ಗಾಣಗಾಪುರವನ್ನೂ ಸನ್ನತಿಯನ್ನೂ ಸವರಿ, ರಾಯಚೂರಿನ ಉತ್ತರಕ್ಕೆ ಕೃಷ್ಣೆಯಲ್ಲಿ ಲೀನವಾಗುತ್ತದೆ. ನಮ್ಮ ಶಾಲೆಯ ಎಷ್ಟೋ ಮಕ್ಕಳ ತಂದೆತಾಯಿಗಳು ಆ ದಂಡೆಯ ಊರುಗಳಿಂದ ಕೆಲಸವನ್ನರಸಿ ಇಲ್ಲಿಗೆ ಬಂದವರು. ಮಳೆಗಾಲದಲ್ಲಿ ಉಜನಿಯ ಬಾಗಿಲುಗಳನ್ನು ತೆರೆದಾಗ ನೀರಿನೊಡನೆ ಮೀನೂ ಕೆಳಗಿಳಿಯಬಲ್ಲದು. ಅಣೆಕಟ್ಟನ್ನು ಹತ್ತಿ ಮೇಲೆ ಬರಲಾರದು. ತರಗತಿಯಲ್ಲಿ ಕೇಳಿದ ಪ್ರಶ್ನೆಗೆ ಇಷ್ಟು ಉತ್ತರವಂತೂ ಕೊಡಬಹುದು. ಇಲ್ಲಿ ನಾವು ನದಿಗೆ ಏನನ್ನು ಬಿಡುತ್ತೇವೆಯೋ, ಅದು ಹೊಲಸಾಗಲಿ ಮೀನಾಗಲಿ, ನಮ್ಮ ಅಜ್ಜ ಅಜ್ಜಿಯರ ಊರಿನ ಬಾಗಿಲಿಗೆ ಹೋಗುವ ದಾರಿಯಲ್ಲಿಯೇ ಇರುತ್ತದೆ. ಈ ಕಡೆಯ ಭೋಯಿಗಳೂ ಆ ಕಡೆಯ ಅಂಬಿಗರೂ ಬಲೆ ಬೀಸುವುದು ಒಂದೇ ಹೊಳೆಯಲ್ಲಿ.

ತಳಿಯ ಸುಧಾರಣೆ

ಹಾಗಾದರೆ ಈ ಮೀನನ್ನು ಸಾಕುವುದೇ ತಪ್ಪೇ? ಅಲ್ಲ. ಮೊಜಾಂಬಿಕ್ ತಿಲಾಪಿಯಾಕ್ಕಿಂತ ನೈಲ್ ತಿಲಾಪಿಯಾ ದೊಡ್ಡದಾಗಿ, ಬೇಗ ಬೆಳೆಯುತ್ತದೆಂದು ತಿಳಿದ ಮೇಲೆ ವಿಜ್ಞಾನಿಗಳ ಗಮನ ಅದರ ಕಡೆ ಹರಿಯಿತು. ೧೯೮೮ರಲ್ಲಿ ಫಿಲಿಪೀನ್ಸ್ ದೇಶದಲ್ಲಿ, ಇಂದು ವರ್ಲ್ಡ್‌ಫಿಶ್ ಎಂದು ಕರೆಯಲಾಗುವ ಸಂಸ್ಥೆಯವರು ನಾರ್ವೆಯ ತಳಿತಜ್ಞರೊಡಗೂಡಿ ಒಂದು ದೊಡ್ಡ ಕಾರ್ಯವನ್ನು ಕೈಗೊಂಡರು. ಈಜಿಪ್ಟ್, ಘಾನಾ, ಕೆನ್ಯಾ, ಸೆನೆಗಲ್ ದೇಶಗಳ ನದಿಗಳಿಂದ ಕಾಡುಮೀನುಗಳನ್ನು ತರಿಸಿ, ಏಷ್ಯಾದ ಸಾಕುಮೀನುಗಳೊಡನೆ ಕೂಡಿಸಿದರು. ಒಳ್ಳೆಯ ಬೀಜದ ಜೋಳವನ್ನು ರೈತನು ಆರಿಸುವಂತೆ, ಪ್ರತಿ ತಲೆಮಾರಿನಲ್ಲಿಯೂ ಚೆನ್ನಾಗಿ ಬೆಳೆದ ಮೀನುಗಳನ್ನೇ ಆರಿಸಿ ಮುಂದಿನ ಸಂತಾನಕ್ಕೆ ಬಳಸಿದರು. ಹೀಗೆ ಹುಟ್ಟಿದ ತಳಿಗೆ ಗಿಫ್ಟ್ ಎಂಬ ಹೆಸರಾಯಿತು. ಅದು ಅನುಕೂಲವಾದ ಕೊಳದಲ್ಲಿ ಐದಾರು ತಿಂಗಳಲ್ಲಿ ಅರ್ಧ ಕಿಲೋ ತೂಗಬಲ್ಲದು. ಇದೇ ಸಂಸ್ಥೆಯಲ್ಲಿ ದುಡಿದ, ಆಂಧ್ರದ ಬಾಪಟ್ಲದಲ್ಲಿ ಜನಿಸಿದ ಮೊದಡುಗು ವಿಜಯ ಗುಪ್ತ ಅವರು ಬಾಂಗ್ಲಾದೇಶದ ಬಡ ಕುಟುಂಬಗಳಿಗೆ ಚಿಕ್ಕ ಹೊಂಡಗಳಲ್ಲಿಯೂ ಮೀನು ಬೆಳೆಯುವ ವಿಧಾನವನ್ನು ಕಲಿಸಿದರು. ಅದಕ್ಕಾಗಿ ಅವರಿಗೆ ೨೦೦೫ರಲ್ಲಿ ವಿಶ್ವ ಆಹಾರ ಪ್ರಶಸ್ತಿ ದೊರೆಯಿತು.

ಇನ್ನುಳಿದುದು ಅತಿಸಂತಾನದ ತೊಂದರೆ. ಅದಕ್ಕೆ ಕಂಡುಕೊಂಡ ಉಪಾಯವೆಂದರೆ ಕೊಳದಲ್ಲಿ ಗಂಡುಮೀನುಗಳನ್ನು ಮಾತ್ರ ಸಾಕುವುದು. ಹೆಣ್ಣಿಗಿಂತ ಗಂಡು ಬೇಗ ಬೆಳೆಯುತ್ತದೆ. ಹೆಣ್ಣೇ ಇಲ್ಲದಿದ್ದರೆ ಮರಿಗಳ ಮಾತೇ ಇಲ್ಲ. ಮರಿಗಳಿಗೆ ಮೊದಲ ಮೂರು ನಾಲ್ಕು ವಾರ ಹಾರ್ಮೋನು ಬೆರೆಸಿದ ಆಹಾರವನ್ನು ಕೊಟ್ಟು ಅವೆಲ್ಲವೂ ಗಂಡಾಗುವಂತೆ ಮಾಡುವುದು ರೂಢಿಯಲ್ಲಿದೆ. ಭಾರತದಲ್ಲಿಯೂ ೨೦೧೧ರ ಸುಮಾರಿಗೆ, ವಿಜಯವಾಡದ ಸಮೀಪದ ಮಾಣಿಕೊಂಡದಲ್ಲಿ ರಾಜೀವ್ ಗಾಂಧಿ ಜಲಕೃಷಿ ಕೇಂದ್ರದವರು ಗಿಫ್ಟ್ ತಳಿಯ ಸಂವರ್ಧನೆಯನ್ನು ಆರಂಭಿಸಿದರು. ಈಗ ನಮ್ಮ ದೇಶದಲ್ಲಿ ಸರ್ಕಾರದ ಅನುಮತಿ ಪಡೆದು, ನೀರು ಹೊರಹೋಗುವ ತೂಬಿಗೆ ಜಾಲರಿ ಕಟ್ಟಿ, ಮೀನು ನದಿಗೆ ತಪ್ಪಿಸಿಕೊಂಡು ಹೋಗದಂತೆ ಕಾವಲಿಟ್ಟು ಈ ಮೀನನ್ನು ಸಾಕಬೇಕೆಂಬ ನಿಯಮಗಳಿವೆ. ೧೯೫೨ರಲ್ಲಿ ತಂದ ಮೀನಿಗೂ ಈ ಮೀನಿಗೂ ಮುಖ್ಯವಾದ ಭೇದ ತಳಿಯದಷ್ಟೇ ಅಲ್ಲ, ಬೇಲಿಯದು.

ಲೋಕದ ಪೇಟೆ

ಇಂದು ನೂರಕ್ಕೂ ಹೆಚ್ಚು ದೇಶಗಳಲ್ಲಿ ತಿಲಾಪಿಯಾ ಸಾಕಣೆಯಿದೆ. ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಂತೆ ೨೦೨೦ರಲ್ಲಿ ಸಾಕಿ ಬೆಳೆದ ನೈಲ್ ತಿಲಾಪಿಯಾ ಒಂದೇ ಸುಮಾರು ೪೪ ಲಕ್ಷ ಟನ್ನು. ಸಾಕುಮೀನುಗಳಲ್ಲಿ ಅದಕ್ಕೆ ಮೂರನೆಯ ಸ್ಥಾನ. ಅದಕ್ಕಿಂತ ಮೇಲಿದ್ದವು ಹುಲ್ಲುಗೆಂಡೆ ಮತ್ತು ಬೆಳ್ಳಿಗೆಂಡೆ ಎರಡೇ. ಬೆಳೆಯುವವರಲ್ಲಿ ಚೀನವು ಎಲ್ಲರಿಗಿಂತ ಮುಂದು. ಇಂಡೊನೇಷಿಯಾ, ಈಜಿಪ್ಟ್, ಬ್ರಜಿಲ್, ಬಾಂಗ್ಲಾದೇಶಗಳೂ ದೊಡ್ಡ ಪ್ರಮಾಣದಲ್ಲಿ ಬೆಳೆಯುತ್ತವೆ.

ಆದರೆ ಬೆಳೆ ಒಂದೇ ಆದರೂ ವ್ಯಾಪಾರದ ರೀತಿ ಬೇರೆ ಬೇರೆ. ಈಜಿಪ್ಟಿನವರು ತಾವು ಬೆಳೆದುದನ್ನು ಬಹುಪಾಲು ತಾವೇ ತಿನ್ನುತ್ತಾರೆ. ಅಲ್ಲಿ ಇಡೀ ಮೀನೇ ಪೇಟೆಗೆ ಬರುತ್ತದೆ. ಚೀನದ ದಕ್ಷಿಣ ಪ್ರಾಂತಗಳ ಕಾರ್ಖಾನೆಗಳಲ್ಲಿ ಚರ್ಮವನ್ನೂ ಮುಳ್ಳನ್ನೂ ತೆಗೆದು, ಹೋಳುಗಳನ್ನು ಮಂಜುಗಟ್ಟಿಸಿ ಹಡಗುಗಳಲ್ಲಿ ಹೊರದೇಶಗಳಿಗೆ ಕಳಿಸುತ್ತಾರೆ. ಮೂರು ಕಿಲೋ ಮೀನಿನಿಂದ ಸುಮಾರು ಒಂದು ಕಿಲೋ ಹೋಳು ಸಿಗುತ್ತದೆ. ಉಳಿದುದೂ ವ್ಯರ್ಥವಲ್ಲ. ಬ್ರಜಿಲ್ ದೇಶದ ಫೋರ್ಟಲೇಜಾ ನಗರದ ವೈದ್ಯರು ಶುದ್ಧೀಕರಿಸಿದ ತಿಲಾಪಿಯಾ ಚರ್ಮವನ್ನು ಸುಟ್ಟ ಗಾಯಗಳ ಮೇಲೆ ಪಟ್ಟಿಯಂತೆ ಹೊದಿಸಿ ಗುಣಪಡಿಸಿದ್ದಾರೆ.

ಮಂಜುಗಟ್ಟಿದ ಹೋಳುಗಳ ದೊಡ್ಡ ಗಿರಾಕಿ ಅಮೆರಿಕ. ಒಬ್ಬನೇ ಗಿರಾಕಿಯನ್ನು ನಂಬಿದ ವ್ಯಾಪಾರಿಯ ಪಾಡು ಏನಾಗುತ್ತದೆಂಬುದಕ್ಕೆ ಇಲ್ಲಿ ಒಳ್ಳೆಯ ನಿದರ್ಶನವಿದೆ. ಅಮೆರಿಕವು ಚೀನದ ಸರಕುಗಳ ಮೇಲೆ ಹಾಕಿದ ಸುಂಕವು ತಿಲಾಪಿಯಾಕ್ಕೂ ತಗಲಿತು. ೨೦೧೮ರ ಸೆಪ್ಟೆಂಬರಿನಲ್ಲಿ ನೂರಕ್ಕೆ ೧೦ ಇದ್ದ ಆ ಹೆಚ್ಚಿನ ಸುಂಕವು ೨೦೧೯ರ ಮೇ ತಿಂಗಳಿನಲ್ಲಿ ನೂರಕ್ಕೆ ೨೫ ಆಯಿತು. ಎರಡು ಸರ್ಕಾರಗಳ ಜಗಳದ ಪೆಟ್ಟು ಕೊನೆಗೆ ಬಿದ್ದುದು ಕೊಳದ ದಂಡೆಯ ರೈತನ ಧಾರಣೆಯ ಮೇಲೆ. ಮೀನಿನ ಬೆಲೆ ಇಳಿದರೂ ಅದಕ್ಕೆ ಹಾಕುವ ಆಹಾರದ ಬೆಲೆ ಇಳಿಯುವುದಿಲ್ಲ. ಸಾಕಣೆಯ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ಆಹಾರಕ್ಕೇ.

ಇನ್ನೊಂದು ವಿಚಿತ್ರವನ್ನು ನೋಡಿರಿ. ಆಫ್ರಿಕಾದ ಈ ಮೀನು ಚೀನದಲ್ಲಿ ಬೆಳೆದು, ಮಂಜುಗಟ್ಟಿ, ಮತ್ತೆ ಆಫ್ರಿಕಾದ ಕೆನ್ಯಾ ದೇಶದ ಪೇಟೆಗೆ ಅಗ್ಗದ ಬೆಲೆಗೆ ಬಂದಿತು. ವಿಕ್ಟೋರಿಯಾ ಸರೋವರದ ದಂಡೆಯ ಬೆಸ್ತರು ತಮ್ಮ ಮೀನಿಗೆ ಬೆಲೆ ಸಿಗದೆ ಕಂಗಾಲಾದರು. ೨೦೧೮ರಲ್ಲಿ ಆ ದೇಶದಲ್ಲಿ ಈ ಆಮದಿನ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. ಅದೇ ಸರೋವರಕ್ಕೆ ೧೯೫೦ರ ದಶಕದಲ್ಲಿ ಹೊರಗಿನಿಂದ ತಂದು ಬಿಟ್ಟ ನೈಲ್ ತಿಲಾಪಿಯಾವು ಅಲ್ಲಿಯ ಮೂಲ ತಿಲಾಪಿಯಾವನ್ನು ಹಿಂದೆ ತಳ್ಳಿದ್ದಿತು. ಅಂದರೆ ಸ್ವಂತ ಖಂಡದಲ್ಲಿ ಕೂಡ, ತನ್ನದಲ್ಲದ ನೀರಿಗೆ ಬಿಟ್ಟಾಗ ಈ ಮೀನಿನ ವರ್ತನೆ ಒಂದೇ.

ಕಷ್ಟಸಹಿಷ್ಣುವೆಂದು ಹೆಸರಾದ ಮೀನಿಗೂ ರೋಗ ತಪ್ಪಲಿಲ್ಲ. ತಿಲಾಪಿಯಾ ಸರೋವರ ವೈರಾಣು ಎಂಬ ಸೋಂಕನ್ನು ಇಸ್ರೇಲಿನ ವಿಜ್ಞಾನಿಗಳು ೨೦೧೪ರಲ್ಲಿ ಗುರುತಿಸಿದರು. ೨೦೧೭ರಲ್ಲಿ ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆಯು ಎಲ್ಲ ದೇಶಗಳಿಗೂ ಎಚ್ಚರಿಕೆ ಕೊಟ್ಟಿತು. ೨೦೧೮ರಲ್ಲಿ ಭಾರತದ ಮೀನುಗಳಲ್ಲಿಯೂ ಅದು ಇರುವುದು ವರದಿಯಾಯಿತು. ಮನುಷ್ಯನಿಗೆ ಅದರಿಂದ ಅಪಾಯವಿಲ್ಲ. ಆದರೆ ಸಾಲ ಮಾಡಿ ಕೊಳ ತೋಡಿಸಿದವನ ಮನೆಗೆ ಅಪಾಯವುಂಟು.

ನಾವು ಕಲಿಯಬೇಕಾದುದು

ಇಷ್ಟನ್ನೂ ಕೂಡಿಸಿ ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಚಿಲಾಪಿಯ ಗುಣವೂ ದೋಷವೂ ಬೇರೆ ಬೇರೆಯಲ್ಲ. ಬೇಗ ಬೆಳೆಯುವುದು, ಏನನ್ನಾದರೂ ತಿನ್ನುವುದು, ಎಲ್ಲಿಯಾದರೂ ಬದುಕುವುದು ಎಂಬ ಆ ಮೂರು ಗುಣಗಳೇ ಬೇಲಿಯಿರುವ ಕೊಳದಲ್ಲಿ ಲಾಭವಾಗುತ್ತವೆ; ಬೇಲಿಯಿಲ್ಲದ ನದಿಯಲ್ಲಿ ನಷ್ಟವಾಗುತ್ತವೆ. ದೂರದೇಶದಿಂದ ಬಂದುದು ಮೀನಿನ ಅಪರಾಧವಲ್ಲ. ಅದು ತಾನಾಗಿ ಬರಲಿಲ್ಲ, ಮನುಷ್ಯನು ತಂದನು. ಮುಂದಿನದನ್ನು ಯೋಚಿಸದೆ ಬಿಟ್ಟುದು ಮನುಷ್ಯನ ತಪ್ಪು.

ಆ ತಪ್ಪನ್ನು ತಿದ್ದಿಕೊಳ್ಳುವ ದಾರಿಗಳೂ ನಮ್ಮ ಜಿಲ್ಲೆಯಲ್ಲಿಯೇ ಇವೆ. ಲೋಣಾವಳದ ವಳವಣ ಕೆರೆಯ ಬಳಿ ಟಾಟಾ ವಿದ್ಯುತ್ ಸಂಸ್ಥೆಯವರು ೧೯೭೦ರ ದಶಕದಿಂದ ಮಹಸೀರ್ ಮೀನಿನ ಮರಿಗಳನ್ನು ಬೆಳೆಸಿ ನದಿ ಕೆರೆಗಳಿಗೆ ಒದಗಿಸುತ್ತಿದ್ದಾರೆ. ಘೋಡ ನದಿಯ ಮೇಲ್ಭಾಗದ ಡಿಂಭೆ ಜಲಾಶಯದಲ್ಲಿ, ತಮ್ಮ ಭೂಮಿ ಮುಳುಗಡೆಯಾದ ಆದಿವಾಸಿ ಕುಟುಂಬಗಳವರು ಸಹಕಾರ ಸಂಘ ಕಟ್ಟಿಕೊಂಡರು. ಮುಂಬಯಿಯ ಕೇಂದ್ರೀಯ ಮತ್ಸ್ಯಶಿಕ್ಷಣ ಸಂಸ್ಥೆಯ ತಜ್ಞರ ನೆರವಿನಿಂದ ಅವರು ನೀರಿನಲ್ಲಿ ಪಂಜರಗಳನ್ನಿಳಿಸಿ, ಗೆಂಡೆಯ ಮರಿಗಳನ್ನು ಅದರೊಳಗೆ ಬೆರಳುದ್ದ ಬೆಳೆಸಿ, ಅನಂತರ ಜಲಾಶಯಕ್ಕೆ ಬಿಟ್ಟು ಹಿಡಿಯುವ ಕ್ರಮವನ್ನು ಕಲಿತರು. ಚಿಕ್ಕ ಮರಿಗಳನ್ನು ಬಿಟ್ಟರೆ ಬೇರೆ ಮೀನುಗಳ ಬಾಯಿಗೆ ಬೀಳುತ್ತವೆ. ಬೆಳೆದ ಮರಿಗಳು ಬದುಕಿಕೊಳ್ಳುತ್ತವೆ. ಮರಿಗಳಿಗೆ ತಾಯಿಯ ಬಾಯಿಯ ಆಶ್ರಯ ಕೊಟ್ಟು ಚಿಲಾಪಿಯು ಗೆದ್ದಿತು. ಗೆಂಡೆಯ ಮರಿಗಳಿಗೆ ಪಂಜರದ ಆಶ್ರಯ ಕೊಟ್ಟು ಈ ಜನ ಗೆಂಡೆಯನ್ನು ಉಳಿಸಿಕೊಳ್ಳುತ್ತಿದ್ದಾರೆ.

ವಿದ್ಯಾರ್ಥಿಗಳಿಂದ ಆಗತಕ್ಕ ಕೆಲಸವೂ ಉಂಟು. ಮನೆಯ ಗಾಜಿನ ತೊಟ್ಟಿಯಲ್ಲಿ ಸಾಕಿದ ಬಣ್ಣದ ಮೀನು ಬೇಸರವಾದಾಗ ಅದನ್ನು ಹೊಳೆಗಾಗಲಿ ಕೆರೆಗಾಗಲಿ ಬಿಡಬಾರದು. ಅದು ದಯೆಯಂತೆ ಕಂಡರೂ ದಯೆಯಲ್ಲ. ಹೊಳೆಗೆ ಕಸ ಎಸೆಯಬಾರದು. ಎಸೆಯುವವರಿಗೆ ವಿನಯದಿಂದ ತಿಳಿಸಬೇಕು. ರಜೆಯಲ್ಲಿ ಊರಿಗೆ ಹೋದಾಗ ಅಲ್ಲಿಯ ಹಿರಿಯರನ್ನು, ವಿಶೇಷವಾಗಿ ಬಲೆ ಬೀಸುವ ಹಿರಿಯರನ್ನು, "ನಿಮ್ಮ ಕಾಲದಲ್ಲಿ ಹೊಳೆಯಲ್ಲಿ ಯಾವ ಯಾವ ಮೀನುಗಳಿದ್ದವು? ಅವುಗಳ ಹೆಸರೇನು?" ಎಂದು ಕೇಳಿ ಬರೆದುಕೊಂಡು ಬನ್ನಿರಿ. ಮೀನು ಕಾಣದಾದರೆ ಅದರ ಹೆಸರೂ ಒಂದು ತಲೆಮಾರಿನಲ್ಲಿ ಮರೆಯಾಗುತ್ತದೆ. ಹೆಸರಾದರೂ ಉಳಿದಿದ್ದರೆ, ಹೊಳೆಗೆ ಏನನ್ನು ಮರಳಿ ತರಬೇಕೆಂಬುದು ಮುಂದಿನವರಿಗೆ ತಿಳಿದೀತು.

ಅಭ್ಯಾಸಕ್ಕಾಗಿ

೧. ಗೆಂಡೆಮೀನು ಲಕ್ಷಗಟ್ಟಲೆ ಮೊಟ್ಟೆಯಿಟ್ಟರೂ ಚಿಲಾಪಿಯ ಸಂತಾನವೇ ಬೇಗ ಹೆಚ್ಚುವುದೇಕೆ?

೨. ೧೯೫೨ ಮತ್ತು ೧೯೫೯, ಈ ಎರಡು ವರ್ಷಗಳ ಮಹತ್ವವನ್ನು ತಿಳಿಸಿರಿ.

೩. ಉಜನಿಯಲ್ಲಿ ಚಿಲಾಪಿಯು ಪ್ರಬಲವಾಗಲು ಮನುಷ್ಯನ ಯಾವ ಕಾರ್ಯಗಳು ಕಾರಣವಾದವು?

೪. ಒಬ್ಬ ರೈತನು ೯೦೦ ಕಿಲೋ ತಿಲಾಪಿಯಾ ಬೆಳೆದನೆಂದು ಭಾವಿಸಿರಿ. ಅದರಿಂದ ಸುಮಾರು ಎಷ್ಟು ಕಿಲೋ ಹೋಳು ಸಿಗುತ್ತದೆ? ಉಳಿದ ಭಾಗವನ್ನು ಹೇಗೆ ಉಪಯೋಗಿಸಬಹುದು?

೫. ಭೂಪಟವನ್ನು ಬರೆದು, ಘೋಡ ನದಿ, ಭೀಮಾ ನದಿ, ಉಜನಿ, ಪಂಢರಾಪುರ, ದೇವಲ ಗಾಣಗಾಪುರ ಮತ್ತು ರಾಯಚೂರುಗಳನ್ನು ಗುರುತಿಸಿರಿ. ನಿಮ್ಮ ಊರು ಈ ನದಿಯ ದಂಡೆಯಲ್ಲಿದ್ದರೆ ಅದನ್ನೂ ಗುರುತಿಸಿರಿ.